ಅತ್ತಿ ಯಾವ ಕಡೆಯಾಕಿ? ಕಲಬುರಗಿಯ ಒಂದು ಅಂಡಾಶಯ ಕ್ಯಾನ್ಸರ್ ಪ್ರಕರಣ

ಮೊದಲು ನನ್ನ ಕೈಗೆ ಬಂದದ್ದು 22 ಪುಟದ ಬಣ್ಣಬಣ್ಣದ ಒಂದು ವರದಿ. ತಂದವನು ನನ್ನ ಹಳೇ ವಿದ್ಯಾರ್ಥಿ. ಬೆಂಗಳೂರಿನಲ್ಲಿ ಕೆಲಸ, ದಸರಾಕ್ಕೆ ಕಲಬುರಗಿಗೆ ಬಂದಿದ್ದ. ಜೊತೆಗೆ ಅಪ್ಪ, ಅವ್ವ ಇಬ್ಬರೂ ಇದ್ದರು. ಅಪ್ಪನದು ಗಂಜ್‌ನಲ್ಲಿ ತೊಗರಿ ವ್ಯಾಪಾರ. ಅವ್ವನಿಗೆ 44 ವರ್ಷ. ಆಕೆಯ ಅಕ್ಕನಿಗೆ ಮೂರು ತಿಂಗಳ ಹಿಂದೆ ಅಂಡಾಶಯದ ಕ್ಯಾನ್ಸರ್ ಪತ್ತೆಯಾಗಿತ್ತು. ಹುಡುಗ ಹೆದರಿದ. ಆನ್‌ಲೈನ್‌ನಲ್ಲಿ ಜೀನ್ ಪರೀಕ್ಷೆಯ ಒಂದು ಕಿಟ್ ತರಿಸಿ, ಅವ್ವನ ಎಂಜಲನ್ನು ಕೊಳವೆಗೆ ತುಂಬಿಸಿ ಕಳಿಸಿದ. ಅದರ ಫಲ ಈ ವರದಿ.

ಏಳನೇ ಪುಟದಲ್ಲಿ ಒಂದು ಕೆಂಪು ಚೌಕ. ಜಿಎಸ್‌ಟಿಎಂ1: ಇಲ್ಲ. ಜಿಎಸ್‌ಟಿಟಿ1: ಇಲ್ಲ. ವಿಷ ಹೊರಹಾಕುವ ಶಕ್ತಿ: ಕಡಿಮೆ. ಕ್ಯಾನ್ಸರ್ ಅಪಾಯ: ಜಾಸ್ತಿ.

"ಜಿಎಸ್‌ಟಿ ಇಲ್ಲಂದ್ರ ಚೊಲೋನೇ ಆತಲ್ರಿ ಸರ್," ಅಂದರು ಅಪ್ಪ. ಯಾರೂ ನಗಲಿಲ್ಲ. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ವರದಿ ಬಂದ ಒಂದು ತಿಂಗಳಲ್ಲಿ 4 ಕೆಜಿ ಇಳಿದಿದ್ದರು. ಕೊನೆಯ ಪುಟದಲ್ಲಿದ್ದ ಹಸಿರು ಪುಡಿ ತರಿಸಿ ದಿನಾ ಎರಡು ಹೊತ್ತು ಕುಡಿಯುತ್ತಿದ್ದರು. ರೊಟ್ಟಿ ಬಿಟ್ಟಿದ್ದರು, ಖಾರ ಬಿಟ್ಟಿದ್ದರು. ತೂಕ ಇಳಿಯುವುದೇ ಕ್ಯಾನ್ಸರಿನ ಗುರುತು ಅಂತ ಎಲ್ಲೋ ಓದಿ, ರಾತ್ರಿ ನಿದ್ದೆಯನ್ನೂ ಬಿಟ್ಟಿದ್ದರು. "ಎರಡೂ ಅಂಡಾಶಯ ತೆಗೆಸಿಬಿಡ್ತೀನ್ರಿ. ಒಬ್ಬ ಡಾಕ್ಟರ್ ಒಪ್ಯಾರ," ಅಂದರು.

ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವನು, ಡಾಕ್ಟರ್ ಅಲ್ಲ. ಎಂಎಸ್ಸಿಯಲ್ಲಿ ತಳಿಶಾಸ್ತ್ರ ಓದಿದ್ದೆ, ಅಷ್ಟೇ. ಈ ಪ್ರಕರಣ ಬರೆಯಲು ಮನೆಯವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರು, ವಯಸ್ಸು ಸ್ವಲ್ಪ ಬದಲಿಸಿದ್ದೇನೆ. ನನ್ನ ತಪ್ಪು ಒಂದಿದೆ, ಅದನ್ನು ಮಾತ್ರ ಬದಲಿಸಿಲ್ಲ.

ದೊಡ್ಡಾಕಿಗೆ ಆದದ್ದು

ಅಕ್ಕನನ್ನು ಮನೆಯಲ್ಲಿ ದೊಡ್ಡಾಕಿ ಅನ್ನುತ್ತಾರೆ. 51 ವರ್ಷ, ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಹೊಟ್ಟೆ ಉಬ್ಬರ ಅಂತ ಶುರುವಾಯಿತು. ಅರ್ಧ ರೊಟ್ಟಿ ತಿಂದರೆ ಹೊಟ್ಟೆ ತುಂಬಿದ ಹಾಗೆ. ಪದೇ ಪದೇ ಮೂತ್ರಕ್ಕೆ ಹೋಗಬೇಕು. ಮೂರು ತಿಂಗಳು ಗ್ಯಾಸಿನ ಮಾತ್ರೆ ನುಂಗಿದರು. ಯಾರಿಗೂ ಅಂಡಾಶಯದ ನೆನಪಾಗದ್ದಕ್ಕೆ ಒಂದು ಕಾರಣ ಇತ್ತು. 35ನೇ ವಯಸ್ಸಿಗೇ ಅವರ ಗರ್ಭಚೀಲ ತೆಗೆದಿದ್ದರು. "ಚೀಲಾನೇ ಇಲ್ಲ, ಆ ಕ್ಯಾನ್ಸರ್ ಎಲ್ಲಿಂದ ಬರ್ತದ?" ಅನ್ನುವುದು ಮನೆಯವರ ಲೆಕ್ಕ. ಆದರೆ ಚೀಲ ತೆಗೆದವರು ಅಂಡಾಶಯ, ಅಂಡನಾಳ ಎರಡನ್ನೂ ಬಿಟ್ಟಿದ್ದರು. ಅಂಡಾಶಯದ ಕ್ಯಾನ್ಸರ್ ಅಂತ ನಾವು ಕರೆಯುವುದರಲ್ಲಿ ಬಹುಪಾಲು ಹುಟ್ಟುವುದು ಆ ನಾಳದ ತುದಿಯ ಕುಚ್ಚಿನಲ್ಲೇ ಅಂತ ಈಗ ಗೊತ್ತಾಗಿದೆ.

ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿಗೇ ಗರ್ಭಚೀಲ ಕಳೆದುಕೊಂಡವರು ಎಷ್ಟು ಜನ ಅನ್ನುವುದು ಬೇರೆಯದೇ ಕಥೆ. 2015ರ ಸುಮಾರಿಗೆ ತಾಂಡಾಗಳ ಹೆಂಗಸರ ಬೇಡದ ಆಪರೇಷನ್‌ಗಳು ರಾಜ್ಯದಲ್ಲೆಲ್ಲ ಸುದ್ದಿಯಾಗಿದ್ದವು. ಆದ್ದರಿಂದಲೇ "ಒಬ್ಬ ಡಾಕ್ಟರ್ ಒಪ್ಯಾರ" ಅಂತ ತಂಗಿ ಅಂದಾಗ ನನಗೆ ಸಮಾಧಾನ ಆಗಲಿಲ್ಲ.

ಹೊಟ್ಟೆಯಲ್ಲಿ ನೀರು ತುಂಬಿತು. ಸಿಎ-125 ಅನ್ನುವ ರಕ್ತಪರೀಕ್ಷೆ ಮಾಡಿಸಿದರು. 35ರ ಒಳಗಿರಬೇಕಾದದ್ದು 1,240 ಬಂತು. ನೋಡಿದವರು ಹೊಟ್ಟೆಯ ಟಿಬಿ ಅಂದುಕೊಂಡು ಬಯಾಪ್ಸಿ ಇಲ್ಲದೆ ಟಿಬಿ ಮಾತ್ರೆ ಶುರು ಮಾಡಿದರು. ಅವರನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಟಿಬಿಯಲ್ಲೂ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಸಿಎ-125 ಏರುತ್ತದೆ. ಆದರೆ ಐದನೇ ವಾರಕ್ಕೆ ದೊಡ್ಡಾಕಿಯ ಕಣ್ಣು ಹಳದಿಯಾಯಿತು. ಮಾತ್ರೆ ನಿಲ್ಲಿಸಿ ಸೊಲ್ಲಾಪುರಕ್ಕೆ ಕರೆದೊಯ್ದರು. ಅಲ್ಲಿ ಬಯಾಪ್ಸಿ ಆಯಿತು. ಹೈ ಗ್ರೇಡ್ ಸೀರಸ್, ಅಂದರೆ ಬೇಗ ಬೆಳೆಯುವ ಬಗೆಯ ಅಂಡಾಶಯದ ಕ್ಯಾನ್ಸರ್, 3ನೇ ಹಂತ.

ಈ ಹಳದಿ ಕಣ್ಣನ್ನು ನೆನಪಿಡಿ. ವಿಷ ಹೊರಹಾಕುವ ಕಿಣ್ವಗಳ ವಿಷಯಕ್ಕೆ ಅದು ಮತ್ತೆ ಬರುತ್ತದೆ.

ಸೊಲ್ಲಾಪುರದ ಡಾಕ್ಟರ್ ಹಿಂದಿಯಲ್ಲಿ ಕೇಳಿದರು: ಮನೆಯಲ್ಲಿ ಮತ್ತೆ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ? ದೊಡ್ಡಾಕಿ ಹೇಳಿದ್ದು, "ನಮ್ಮ ಅತ್ತಿ ಹೊಟ್ಟ್ಯಾಗ ನೀರು ತುಂಬೇ ಸತ್ತಳ್ರಿ." ಜೊತೆಗಿದ್ದ ಒಬ್ಬ ಹುಡುಗ ಅತ್ತಿಯನ್ನು "ಸಾಸ್" ಮಾಡಿ ಹೇಳಿದ. ಫೈಲಿನಲ್ಲಿ ಇಂಗ್ಲಿಷಿನಲ್ಲಿ "ಮದರ್ ಇನ್ ಲಾ" ಅಂತ ಬಿತ್ತು. ಅದರ ಕೆಳಗೆ, ಫ್ಯಾಮಿಲಿ ಹಿಸ್ಟರಿ: ನಿಲ್. ಗಂಡನ ತಾಯಿ ರಕ್ತಸಂಬಂಧಿ ಅಲ್ಲವಲ್ಲ.

ಕೆಂಪು ಚೌಕದಲ್ಲಿ ಇದ್ದದ್ದೇನು

ಮೊದಲ ದಿನ ನಾನು ಆ ಕುಟುಂಬಕ್ಕೆ ಒಂದು ಗಂಟೆ ಪಾಠ ಮಾಡಿದೆ. ಕಲಬುರಗಿಯಲ್ಲಿ ದಾಲ್ ಮಿಲ್ ನೋಡದವರಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆ.

ಒಲೆಯ ಹೊಗೆ, ತಂಬಾಕು, ಹೊಲಕ್ಕೆ ಹೊಡೆದ ಔಷಧಿ, ನುಂಗಿದ ಮಾತ್ರೆ, ನಮ್ಮದೇ ಮೈಯಲ್ಲಿ ಹುಟ್ಟುವ ಈಸ್ಟ್ರೋಜೆನ್, ಎಲ್ಲವನ್ನೂ ದೇಹ ಕೆಲಸ ಮುಗಿದ ಮೇಲೆ ಹೊರಗೆ ಸಾಗಿಸಬೇಕು. ಇದು ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಸಿವೈಪಿ ಹೆಸರಿನ ಕಿಣ್ವಗಳು ಆ ವಸ್ತುವನ್ನು ಒಡೆದು ಅಥವಾ ಆಮ್ಲಜನಕ ಸೇರಿಸಿ ಬದಲಿಸುತ್ತವೆ. ಮಿಲ್ಲಿನಲ್ಲಿ ತೊಗರಿ ಒಡೆದಾಗ ಧೂಳು ಏಳುತ್ತದಲ್ಲ, ಹಾಗೆ ಇಲ್ಲಿಯೂ. ಒಡೆದ ಚೂರು ಕೆಲವೊಮ್ಮೆ ಮೂಲಕ್ಕಿಂತ ಕೆಟ್ಟದ್ದು. ಹೊಗೆಯಲ್ಲಿರುವ ಬೆಂಜೊಪೈರೀನ್ ತಾನಾಗಿ ಅಷ್ಟು ಅಪಾಯಕಾರಿ ಅಲ್ಲ. ಸಿವೈಪಿ1ಎ1 ಅದನ್ನು ಮುಟ್ಟಿದ ಮೇಲೆ ಡಿಎನ್‌ಎಗೆ ಅಂಟಿಕೊಳ್ಳುವ ರೂಪ ಬರುತ್ತದೆ. ಈಸ್ಟ್ರೋಜೆನ್‌ಗೂ ಸಿವೈಪಿ1ಬಿ1 ಅಂಥದ್ದೇ ಒಂದು ರೂಪ ಕೊಡಬಲ್ಲದು. ಎರಡನೇ ಹಂತದಲ್ಲಿ ಹಮಾಲರು ಬರುತ್ತಾರೆ. ಗ್ಲುಟಾಥಯೋನ್ ಅನ್ನುವ ಚೀಲಕ್ಕೆ ಈ ಚೂರನ್ನು ಕಟ್ಟಿ ಹೊರಗೆ ಕಳಿಸುವ ಆ ಹಮಾಲರೇ ಜಿಎಸ್‌ಟಿಗಳು.

ಮೂರನೇ ಮನೆಯ ಮಾತಲ್ಲ, ಈ ಹಮಾಲರಲ್ಲಿ ಒಬ್ಬ ನಮ್ಮಲ್ಲಿ ಎಷ್ಟೋ ಜನಕ್ಕೆ ಹುಟ್ಟಿನಿಂದಲೇ ಇಲ್ಲ. ಜಿಎಸ್‌ಟಿಎಂ1 ಜೀನ್ 1ನೇ ವರ್ಣತಂತುವಿನಲ್ಲಿದೆ. ಅದರ ಎರಡೂ ಕಡೆ ಒಂದೇ ಥರದ ಡಿಎನ್‌ಎ ಅಕ್ಷರಸಾಲು ಇರುವುದರಿಂದ, ಹಿಂದೆಂದೋ ಜೋಡಿ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಳ್ಳುವಾಗ ಜೋಡಣೆ ತಪ್ಪಿ, ಸುಮಾರು 15 ಸಾವಿರ ಅಕ್ಷರ ಒಟ್ಟಿಗೆ ಬಿದ್ದುಹೋಗಿದೆ. ಅಪ್ಪನಿಂದಲೂ ಅವ್ವನಿಂದಲೂ ಬಿದ್ದುಹೋದ ಪ್ರತಿಯೇ ಬಂದರೆ ವರದಿಯಲ್ಲಿ "ಇಲ್ಲ" ಅಂತ ಬರುತ್ತದೆ. ಯುರೋಪಿನವರಲ್ಲಿ ಅರ್ಧ ಜನ ಹೀಗಿದ್ದಾರೆ. ಭಾರತದಲ್ಲಿ ಅದಕ್ಕಿಂತ ಕಡಿಮೆ. ಆದರೂ ನಾಲ್ಕೈದು ಜನರಲ್ಲಿ ಒಬ್ಬರಿಗಾದರೂ ಇರುತ್ತದೆ. ನನ್ನ 60 ಹುಡುಗರ ಕ್ಲಾಸಿನಲ್ಲಿ ಹನ್ನೆರಡು ಹದಿನೈದು ಜನ ಅಂತಿಟ್ಟುಕೊಳ್ಳಿ. ಅವರೆಲ್ಲ ಆರಾಮಾಗಿ ಕ್ರಿಕೆಟ್ ಆಡಿಕೊಂಡಿದ್ದಾರೆ. ಒಬ್ಬ ಹಮಾಲ ಬರದಿದ್ದರೆ ಇನ್ನೊಬ್ಬ ಚೀಲ ಎತ್ತುತ್ತಾನೆ. ಜಿಎಸ್‌ಟಿಗಳದ್ದು ದೊಡ್ಡ ಕುಟುಂಬ.

ಹಾಗಂತ ಈ ಪ್ರಶ್ನೆಯೇ ಸುಳ್ಳಲ್ಲ. ಹಮಾಲ ಇಲ್ಲದವರಲ್ಲಿ ಕ್ಯಾನ್ಸರ್ ಜಾಸ್ತಿಯಾ ಅಂತ 1990ರ ದಶಕದಿಂದ ಹಲವು ದೇಶದಲ್ಲಿ ನೋಡಿದ್ದಾರೆ. ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ಸಣ್ಣ ಸಂಬಂಧ ಕಾಣುತ್ತದೆ. ಅಂಡಾಶಯದಲ್ಲಿ ಒಂದೊಂದು ಅಧ್ಯಯನ ಒಂದೊಂದು ಹೇಳಿತು. ಎಲ್ಲ ಸೇರಿಸಿ ಲೆಕ್ಕ ಹಾಕಿದಾಗ ಜಿಎಸ್‌ಟಿಎಂ1 ಅಥವಾ ಟಿ1 ಇಲ್ಲದಿರುವುದಕ್ಕೂ ಅಂಡಾಶಯದ ಕ್ಯಾನ್ಸರಿಗೂ ಸ್ಪಷ್ಟ ನಂಟು ಸಿಗಲಿಲ್ಲ. ಹೀಗಿರುವಾಗ ಕೆಂಪು ಚೌಕ ಹಾಕಿ ಪುಡಿ ಮಾರುವುದಕ್ಕೆ ನಾನು ಮರ್ಯಾದೆಯ ಹೆಸರು ಕೊಡಲಾರೆ.

ವರದಿ ಬ್ರೊಕೊಲಿ ತಿನ್ನಿ ಅಂದಿತ್ತು. ಅಪ್ಪ ಪಾಪ, ಅದನ್ನು ಹುಡುಕಿಕೊಂಡು ಇಡೀ ಊರು ಅಲೆದು, ಬಾಡಿದ ಒಂದು ಹೂವು ತಂದಿದ್ದರು. ಬ್ರೊಕೊಲಿಯಲ್ಲಿ ಇರುವಂಥ ಸಾಸಿವೆ ಘಾಟಿನ ವಸ್ತುಗಳು ಕಣ್ಣಿ ಮಾರ್ಕೆಟ್‌ನ ಮೂಲಂಗಿಯಲ್ಲೂ ಇವೆ. ತಮಾಷೆ ಏನೆಂದರೆ, ಆ ವಸ್ತುಗಳನ್ನು ಹೊರಗೆ ಸಾಗಿಸುವುದೂ ಇದೇ ಜಿಎಸ್‌ಟಿ. ಹಮಾಲ ಇಲ್ಲದವರ ಮೈಯಲ್ಲಿ ಅವು ಜಾಸ್ತಿ ಹೊತ್ತು ಉಳಿಯುತ್ತವೆ, ಅದರಿಂದ ಅವರಿಗೇ ಲಾಭ ಇರಬಹುದು ಅಂತ ಒಂದು ವಾದವೂ ಇದೆ. "ಪುಡಿ ಬಿಡ್ರಿ. ರೊಟ್ಟಿ ಜೊತೆ ಹಸಿ ಮೂಲಂಗಿ, ಮೆಂತ್ಯ ಸೊಪ್ಪು ತಿನ್ರಿ, ಮೊದಲಿನ ಹಂಗ," ಅಂದೆ. ಆಕೆ ಮೊದಲ ಸಲ ತಲೆ ಎತ್ತಿ ನೋಡಿದರು.

ಹಳದಿ ಕಣ್ಣಿನ ವಿಷಯ ಈಗ. ಟಿಬಿಯ ಐಸೋನಿಯಾಜಿಡ್ ಮಾತ್ರೆಯನ್ನು ಕರಗಿಸುವ ಕಿಣ್ವ ಎನ್‌ಎಟಿ2. ಭಾರತೀಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಅದರ ಓಟ ನಿಧಾನ. ನಿಧಾನದವರಿಗೆ ಆ ಮಾತ್ರೆಯಿಂದ ಲಿವರ್‌ಗೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ. ದೊಡ್ಡಾಕಿಗೆ ಆದದ್ದು ಅದೇನಾ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ, ಹಾಗಾಗಿ ಅದೇ ಅಂತ ನಾನೂ ಹೇಳುವುದಿಲ್ಲ. ಆದರೆ ಈ ಕಿಣ್ವಗಳ ವ್ಯತ್ಯಾಸ ನಿಜವಾಗಿ ಮುಖ್ಯ ಆಗುವುದು ಹೆಚ್ಚಾಗಿ ಇಂಥ ಕಡೆ. ಯಾವ ಔಷಧಿ ಯಾರಿಗೆ ಎಷ್ಟು ತಡೆಯುತ್ತದೆ ಅನ್ನುವ ಕಡೆ.

ನನ್ನ ತಪ್ಪು

ಪಾಠ ಚೆನ್ನಾಗಿತ್ತು. ಸಮಾಧಾನ ಮಾಡಿ ಕಳಿಸಿದೆ. ಹೋಗುವಾಗ ಸುಮ್ನೆ ಒಂದು ಮಾತು ಕೇಳಿದೆ, "ನಿಮ್ಮ ಅವ್ವನ ಕಡೆ ಯಾರಿಗಾದರೂ ಹಿಂಗ ಆಗಿತ್ತಾ?" ಇಲ್ಲ ಅಂದರು. ಅಲ್ಲಿಗೆ ಬಿಟ್ಟೆ. ಹೆಂಗಸರ ಕಾಯಿಲೆ, ತಾಯಿ ಕಡೆ ಕೇಳಿದರೆ ಸಾಕು ಅನ್ನುವ ಹಾಗೆ. ಇಪ್ಪತ್ತು ವರ್ಷ ಮಕ್ಕಳಿಗೆ ಅನುವಂಶೀಯತೆ ಹೇಳಿದವನು ನಾನು.

ಹತ್ತು ದಿನದ ಮೇಲೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹಿಂಡಿ. ಊಟ ಆದ ಮೇಲೆ, ಹುಡುಗನಿಗೆ ವಂಶಾವಳಿ ಬರೆಯುವುದು ಹೇಗೆ ಅಂತ ತೋರಿಸಬೇಕಿತ್ತು. ಕಾಗದ ಕೇಳಿದೆ. ಅಪ್ಪ ಜೇಬಿನಿಂದ ಹಳೇ ಅಡತ ಪಟ್ಟಿ ಕೊಟ್ಟರು. ಒಂದು ಕಡೆ ತೊಗರಿಯ ಚೀಲ, ತೂಕ, ಹಮಾಲಿ, ದಲಾಲಿ. ಹಿಂದೆ ಖಾಲಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ದೊಡ್ಡಾಕಿಯ ವೃತ್ತಕ್ಕೆ ಕಪ್ಪು ತುಂಬಿದೆ. ಗಂಡನ ಚೌಕ ಎಳೆದು, ಅವನ ತಲೆಯ ಮೇಲೆ ಅವನ ತಾಯಿಯ ವೃತ್ತ ಎಳೆದೆ.

"ಇವರಿಗೆ ಏನಾಗಿತ್ತು?"

"ಹೊಟ್ಟ್ಯಾಗ ನೀರು ತುಂಬಿತ್ರಿ. ನಲವತ್ತೆಂಟಕ್ಕೇ ಹೋದಳು ಅತ್ತಿ."

ಆ ವೃತ್ತ ಕಾಗದದ ಬಲತುದಿಯಲ್ಲಿತ್ತು, ಗಂಡನ ಕಡೆ. ನಾನು ಮುಂದೆ ಹೋಗುತ್ತಿದ್ದೆ. ಆಗ ತಂಗಿ ಹೇಳಿದರು, "ಸರ್, ಅಲ್ಲಿ ಯಾಕ ಬರೀತೀರಿ? ಅಕಿ ನಮ್ಮಪ್ಪನ ತಂಗಿ ಅಲ್ರೀ?"

ದೊಡ್ಡಾಕಿಯನ್ನು ಕೊಟ್ಟದ್ದು ಸೋದರತ್ತೆಯ ಮಗನಿಗೆ. ಅತ್ತಿ ಅಂದರೆ ಗಂಡನ ತಾಯಿಯೂ ಹೌದು, ಅಪ್ಪನ ತಂಗಿಯೂ ಹೌದು. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಶಬ್ದ. ಹಿಂದಿಗೆ ಹೋದಾಗ ಆ ಹುಡುಗ ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು. ಸಾಸ್ ಅಂದ, ಬುವಾ ಅನ್ನಲಿಲ್ಲ. ಅವನು ಹೇಳಿದ್ದು ಸುಳ್ಳೇನಲ್ಲ, ಆದರೆ ಬೇಕಾದ ಅರ್ಧವೇ ಹೋಯಿತು. ಅವನಿಗಾದರೂ ಭಾಷೆಯ ನೆಪ ಇತ್ತು. ನಾನು ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ತಪ್ಪಿದೆ.

ವೃತ್ತವನ್ನು ಎಡಕ್ಕೆ ತಂದೆ. ಕಪ್ಪು ತುಂಬಿ, ಅಕ್ಕತಂಗಿಯರ ಅಪ್ಪನ ಪಕ್ಕಕ್ಕೆ ಕೂರಿಸಿದೆ. ದೊಡ್ಡಾಕಿ ಮತ್ತು ಗಂಡನ ನಡುವೆ, ರಕ್ತಸಂಬಂಧದ ಮದುವೆಗೆ ಎಳೆಯುವ ಜೋಡಿಗೆರೆ ಎಳೆದೆ. "ನಿಮ್ಮಪ್ಪನಿಗೆ ಇನ್ನೊಬ್ಬ ತಂಗಿ ಇದ್ರಾ?" "ಇದ್ದಳ್ರಿ, ಅಫಜಲಪುರಕ್ಕೆ ಕೊಟ್ಟಿದ್ರು. ಎದಿಗೆ ಗಂಟಾಗಿ ಸತ್ತಳು, ನಾ ಸಣ್ಣಾಕಿ ಇದ್ದಾಗ." ಆ ವೃತ್ತಕ್ಕೂ ಕಪ್ಪು ತುಂಬಿದೆ. ಪಟ್ಟಿಯ ಹಿಂದೆ ಒಂದೇ ಸಾಲಿನಿಂದ ಇಳಿದು ಬಂದ ಮೂರು ಕಪ್ಪು ವೃತ್ತ. ನಡುವೆ ಒಂದು ಬಿಳಿ ಚೌಕ, ಅಕ್ಕತಂಗಿಯರ ಅಪ್ಪ. ಎಪ್ಪತ್ತು ದಾಟಿ ಹೃದಯಾಘಾತದಲ್ಲಿ ಹೋದವರು. ಅವರಿಗೆ ಏನೂ ಆಗಿರಲಿಲ್ಲ. ದಾಟಿಸಿದ್ದು ಮಾತ್ರ ಅವರೇ.

ಎರಡು ಅಕ್ಷರ

ಅಂಡಾಶಯ, ಎದೆ ಎರಡರ ಕ್ಯಾನ್ಸರೂ ಒಂದೇ ವಂಶದಲ್ಲಿ ಕಂಡರೆ ಮೊದಲು ಅನುಮಾನ ಬರುವುದು ಬಿಆರ್‌ಸಿಎ ಹೆಸರಿನ ಎರಡು ಜೀನ್‌ಗಳ ಮೇಲೆ. ಬಿಆರ್‌ಸಿಎ1 ಜೀನ್ 17ನೇ ವರ್ಣತಂತುವಿನಲ್ಲಿದೆ. 1994ರಲ್ಲಿ ಪತ್ತೆಯಾಯಿತು. ಬಿಆರ್‌ಸಿಎ2 ಮರುವರ್ಷ, 13ನೇ ವರ್ಣತಂತುವಿನಲ್ಲಿ. ಎರಡೂ ಡಿಎನ್‌ಎ ತುಂಡಾದಾಗ ರಿಪೇರಿ ಮಾಡುವ ಕೆಲಸದವು. ಇವುಗಳಲ್ಲಿನ ತಪ್ಪು ತಾಯಿಯಿಂದ ಬಂದಷ್ಟೇ ಸುಲಭವಾಗಿ ತಂದೆಯಿಂದಲೂ ಮಕ್ಕಳಿಗೆ ಬರುತ್ತದೆ.

ಇಂಥ ಪರೀಕ್ಷೆಯನ್ನು ಮೊದಲು ಮಾಡಬೇಕಾದದ್ದು ಕಾಯಿಲೆ ಬಂದವರಿಗೆ. ಅವರಲ್ಲಿ ತಪ್ಪು ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಎಂಜಲು ಕಿಟ್ ಮನೆಗೆ ಬಂದಾಗ ಆರೋಗ್ಯವಂತ ತಂಗಿಯ ಕೈಗೆ ಹೋಯಿತು, ಕಾಯಿಲೆಯ ಅಕ್ಕನನ್ನು ಯಾರೂ ಕೇಳಲಿಲ್ಲ. ಪಟ್ಟಿಯ ಫೋಟೋ ತೆಗೆದು ಹೈದರಾಬಾದಿನ ಒಬ್ಬ ಜೆನೆಟಿಕ್ ಕೌನ್ಸೆಲರ್‌ಗೆ ಕಳಿಸಿದೆವು. ದೊಡ್ಡಾಕಿಯ ರಕ್ತ ಹೋಯಿತು.

ಸಿಕ್ಕಿತು. ಬಿಆರ್‌ಸಿಎ1ರಲ್ಲಿ ಎರಡು ಅಕ್ಷರ ಬಿದ್ದುಹೋಗಿದ್ದವು. 185ಡೆಲ್‌ಎಜಿ ಅಂತ ಅದರ ಹೆಸರು. ಯಹೂದಿಗಳಲ್ಲಿ ಹೆಸರುವಾಸಿ, ದಕ್ಷಿಣ ಭಾರತದ ಕುಟುಂಬಗಳಲ್ಲೂ ಕಂಡುಬಂದದ್ದು.

ಹುಡುಗ ಕೇಳಿದ: ಅವ್ವನಿಗೆ 15 ಸಾವಿರ ಅಕ್ಷರ ಇಲ್ಲ, ಏನೂ ಆಗಲ್ಲ ಅಂತೀರಿ. ದೊಡ್ಡವ್ವನಿಗೆ ಎರಡೇ ಇಲ್ಲ, ಇಷ್ಟೆಲ್ಲಾ ಆಯ್ತು ಅಂತೀರಿ. ಒಳ್ಳೆ ಪ್ರಶ್ನೆ ಅಲ್ವಾ? ಜೀನ್ ಅನ್ನು ದೇಹ ಮೂರು ಮೂರು ಅಕ್ಷರವಾಗಿ ಓದುತ್ತದೆ. ಅದೇ ಪಟ್ಟಿಯ ಮೇಲೆ ಬರೆದು ತೋರಿಸಿದೆ: ಅವಳು ಹೊಲದ ಕಡೆಗೆ ನಡೆದು ಬಂದಳು. ಎಲ್ಲವೂ ಮೂರಕ್ಷರದ ಪದ. ಈಗ ಮೊದಲ ಪದದ ಎರಡು ಅಕ್ಷರ ಅಳಿಸಿ, ಮತ್ತೆ ಮೂರು ಮೂರೇ ಓದು: ಅಹೊಲ ದಕಡೆ ಗೆನಡೆ ದುಬಂದ ಳು. ಅಲ್ಲಿಂದ ಮುಂದಿನದೆಲ್ಲ ಕಸ. ಪ್ರೋಟೀನು ಪೂರ್ತಿಯಾಗುವ ಮೊದಲೇ ನಿಲ್ಲುತ್ತದೆ. ಇನ್ನೊಂದು ಒಳ್ಳೆ ಪ್ರತಿ ಇರುವ ತನಕ ನಡೆಯುತ್ತದೆ. ಯಾವುದೋ ಒಂದು ಜೀವಕೋಶದಲ್ಲಿ ಅದೂ ಕೆಟ್ಟ ದಿನ, ರಿಪೇರಿಗೆ ಯಾರೂ ಇರುವುದಿಲ್ಲ. ಹಮಾಲನ ಜಾಗಕ್ಕೆ ಇನ್ನೊಬ್ಬ ಹಮಾಲ ಸಿಗುತ್ತಾನೆ. ಈ ಕೆಲಸಕ್ಕೆ ಅಷ್ಟೇ ನಂಬಿಕೆಯ ಬದಲಿ ಇಲ್ಲ.

ಬಿಆರ್‌ಸಿಎ1 ಕೆಟ್ಟಿದ್ದರೆ 80 ವರ್ಷದೊಳಗೆ ನೂರರಲ್ಲಿ ಸುಮಾರು 40 ಹೆಂಗಸರಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಬಿಆರ್‌ಸಿಎ2 ಆದರೆ 15ರಿಂದ 20. ಉಳಿದವರಲ್ಲಿ ನೂರಕ್ಕೆ ಒಬ್ಬರ ಆಸುಪಾಸು.

ಆಮೇಲೆ

ದೊಡ್ಡಾಕಿಗೆ ಮೂರು ಸಲ ಕೀಮೋ, ನಡುವೆ ಆಪರೇಷನ್, ಮತ್ತೆ ಮೂರು ಕೀಮೋ. ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಪ್ಲಾಟಿನಂ ಔಷಧಿಯನ್ನು ಚೀಲ ಕಟ್ಟಿ ಹೊರಹಾಕುವುದರಲ್ಲೂ ಜಿಎಸ್‌ಟಿ ಕೈ ಇದೆ. ಹಮಾಲ ಇಲ್ಲದಿದ್ದರೆ ಕೀಮೋ ಚೆನ್ನಾಗಿ ಹಿಡಿಯುತ್ತಾ ಅಂತಲೂ ನೋಡಿದ್ದಾರೆ, ಉತ್ತರ ಒಂದೇ ಥರ ಬಂದಿಲ್ಲ. ಆಸ್ಪತ್ರೆಯಲ್ಲಿ ಕಾರ್ಬೊಪ್ಲಾಟಿನ್ ಲೆಕ್ಕ ಹಾಕುವುದು ಇವತ್ತಿಗೂ ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವುದರ ಮೇಲೆ.

ಸಿಎ-125 ಈಗ 14. ಬಿಆರ್‌ಸಿಎ ಫಲಿತಾಂಶದಿಂದ ಅವರಿಗೇ ಒಂದು ನೇರ ಲಾಭ ಆಯಿತು. ಕೀಮೋ ಮುಗಿದ ಮೇಲೆ ಒಲಾಪರಿಬ್ ಮಾತ್ರೆ ಶುರು ಮಾಡಿದ್ದಾರೆ, ಎರಡು ವರ್ಷ ನುಂಗಬೇಕು. ರಿಪೇರಿಯ ಒಂದು ದಾರಿ ಮೊದಲೇ ಮುಚ್ಚಿರುವ ಕ್ಯಾನ್ಸರ್ ಕೋಶಕ್ಕೆ ಇದು ಇನ್ನೊಂದು ದಾರಿಯನ್ನೂ ಮುಚ್ಚುತ್ತದೆ. ಹೋದ ತಿಂಗಳು ನೋಡಲು ಹೋದಾಗ ರೊಟ್ಟಿ ಬಡಿಯುತ್ತಿದ್ದರು. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬೆರಳ ತುದಿ ಇನ್ನೂ ಜೋಮು. ಹಿಟ್ಟು ಎಷ್ಟು ತೆಳ್ಳಗಾಯಿತು ಅಂತ ಕೈಗೆ ತಿಳಿಯುವುದಿಲ್ಲ. ಬಡಿಯುತ್ತಾ ಬಡಿಯುತ್ತಾ ಬಗ್ಗಿ ಅಂಚನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ಹಂಚಿನ ಮೇಲೆ ನೀರು ಸವರುವ ಕೆಲಸ ಮಗಳದು. ಕೈ ಸುಟ್ಟರೆ ಗೊತ್ತಾಗುವುದಿಲ್ಲವಲ್ಲ.

ದೊಡ್ಡಾಕಿಯ ಗಂಡನಿಗೂ ಅತ್ತಿಯಿಂದ ಆ ತಪ್ಪು ಬರುವ ಸಾಧ್ಯತೆ ಅರ್ಧಕ್ಕರ್ಧ ಇತ್ತು. ಪರೀಕ್ಷೆಯಲ್ಲಿ ಇಲ್ಲ ಅಂತ ಬಂತು.

ತಂಗಿಗೂ ಇಲ್ಲ. ಅಂಡಾಶಯ ತೆಗೆಸುವ ಮಾತು ಅಲ್ಲಿಗೆ ನಿಂತಿತು. ಹಸಿರು ಪುಡಿಯ ಡಬ್ಬಿಯಲ್ಲಿ ಈಗ ಜೀರಿಗೆ ಇದೆ. ಜಿಎಸ್‌ಟಿಎಂ1 ಅವರಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಉಳಿದವರು ತಂಗಿಯ ಅಣ್ಣ, ದೊಡ್ಡಾಕಿಗೆ ತಮ್ಮ. 47 ವರ್ಷ, ಇಬ್ಬರು ಹೆಣ್ಣುಮಕ್ಕಳು. "ನನಗ್ಯಾಕ್ರಿ ಪರೀಕ್ಷೆ? ನನಗೇನು ಅಂಡಾಶಯ ಅದಾವೇನ್ರಿ?" ಅಂತ ಎರಡು ಸಲ ನಕ್ಕು ಫೋನ್ ಇಟ್ಟಿದ್ದರು. ನಿಮ್ಮಪ್ಪನಿಗೂ ಇರಲಿಲ್ಲ ಅಂತ ನಾನು ಹೇಳಿದೆ. ಆಗ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆದರೆ ರಕ್ತ ಕೊಡಲು ಬರಲಿಲ್ಲ.

ಇಲ್ಲೊಂದು ಗಂಟಿದೆ. ಅವರ ಹಿರಿಮಗಳನ್ನು ದೊಡ್ಡಾಕಿಯ ಮಗನಿಗೆ ಕೊಡಬೇಕು ಅಂತ ಮಕ್ಕಳು ಸಣ್ಣವರಿದ್ದಾಗಲೇ ಮಾತಾಗಿತ್ತು. ಸೋದರಮಾವನ ಮಗಳು, ಹಕ್ಕಿನ ಸಂಬಂಧ. ಹುಡುಗನಿಗೆ ತಾಯಿಯಿಂದ ಆ ಎರಡು ಅಕ್ಷರದ ತಪ್ಪು ಬಂದಿರಬಹುದು. ಹುಡುಗಿಗೆ ತಂದೆಯಿಂದ ಬಂದಿರಬಹುದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಬಿಆರ್‌ಸಿಎ1ರ ಎರಡೂ ಪ್ರತಿ ಕೆಟ್ಟದ್ದೇ ಹೋಗುವ ಸಾಧ್ಯತೆ ಇದೆ. ಹಾಗಾದರೆ ಗರ್ಭ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಪರೂಪಕ್ಕೆ ನಿಂತರೆ, ರಕ್ತ ತಯಾರಾಗುವುದೇ ಕುಂದುವ ಫ್ಯಾಂಕೋನಿ ಅನೀಮಿಯಾದಂಥ ಕಾಯಿಲೆ. ಇದನ್ನು ಕೌನ್ಸೆಲರ್ ದೊಡ್ಡಾಕಿಗೆ ಹೇಳಿದ್ದಾರೆ. ದೊಡ್ಡಾಕಿ ತಮ್ಮನಿಗೆ ಹೇಳಿದ್ದಾರಾ ಇಲ್ಲವಾ ನಾನು ಕೇಳಿಲ್ಲ. ಅದು ನಾನು ಕೇಳುವ ಮಾತಲ್ಲ.

ಮೊನ್ನೆ ರಾತ್ರಿ ಹತ್ತರ ಮೇಲೆ ಅಣ್ಣನ ಫೋನ್ ಬಂತು. ಈ ಸಲ ನಗಲಿಲ್ಲ. ತೊಗರಿ ರೇಟು, ಮಳೆ, ನನ್ನ ಕಾಲೇಜು, ಎಲ್ಲ ಮಾತಾಡಿದರು. ಕೊನೆಗೆ ಕೇಳಿದರು, "ಸರ್, ರಕ್ತ ಕೊಡೂದಿದ್ರ ಮೊದಲು ನಂದು ಕೊಡಬೇಕೋ, ಮಗಳದೋ?"

"ನಿಮ್ದು," ಅಂದೆ.

"ಉಪಾಸ ಇರಬೇಕೇನ್ರಿ?"

"ಬೇಕಿಲ್ಲ. ಉಂಡೇ ಬರ್ರಿ."